ಹೆವಿ ಲೈಸೆನ್ಸ್ ಬಂತು, ಯಾವ ಗಾಡಿ ಹತ್ತಲಿ? ಉತ್ತರ ಕನ್ನಡದ ಹುಡುಗರಿಗೆ ಒಂದು ಹೋಲಿಕೆ

ಲಾರಿ ಬುಕಿಂಗ್ ಕೆಲಸದಲ್ಲಿ ಇರುವವರ ಹತ್ತಿರ ಅಂಕೋಲಾ, ಕುಮಟಾ, ಶಿರಸಿ ಕಡೆಯ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಯಾವ ಗಾಡಿ ಹತ್ತಲಿ? ಒಬ್ಬನನ್ನು ಮೀನುಗಾಡಿಯ ಮಾಲೀಕ ಕರೆದಿದ್ದಾನೆ. ಇನ್ನೊಬ್ಬನ ಭಾವ ಟಿಪ್ಪರ್ ಇಟ್ಟಿದ್ದಾನೆ. ಮತ್ತೊಬ್ಬನಿಗೆ ಮುಂಬೈ ಲೈನಿನ ಲಾರಿಯೇ ಆಗಬೇಕು. ಮನೆಯಲ್ಲಿ ಅಮ್ಮ ಮಾತ್ರ "ಬಸ್ಸಿಗೆ ಅರ್ಜಿ ಹಾಕು" ಅನ್ನುತ್ತಾರೆ. ಎಲ್ಲರೂ ಮೊದಲು ವಿಚಾರಿಸುವುದು ಸಂಬಳ. ನಮ್ಮ ಜಿಲ್ಲೆಯಲ್ಲಿ ಅದು ಎರಡನೇ ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದ್ದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗಾಡಿಗೆ ಕೆಲಸ ಇದೆಯಾ?

ಮಳೆ ಹಿಡಿದರೆ ಚಿರೇಕಲ್ಲಿನ ಕ್ವಾರಿಯಲ್ಲಿ ನೀರು ನಿಲ್ಲುತ್ತದೆ. ಬಂದರಿನಲ್ಲಿ ಬೋಟುಗಳು ಲಂಗರು ಹಾಕುತ್ತವೆ. ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುತ್ತದೆ. ಜನವರಿಯಲ್ಲಿ ಭರ್ಜರಿ ಸಂಬಳ ಹೇಳಿದ ಮಾಲೀಕನೇ ಜುಲೈನಲ್ಲಿ "ಸ್ವಲ್ಪ ದಿನ ಮನೇಲಿರು ಮಾರಾಯ, ಕರೀತೇನೆ" ಅನ್ನುತ್ತಾನೆ. ಹಾಗಾಗಿ ತಿಂಗಳ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ.

ಯಾವುದರಿಂದ ಅಳೆಯಬೇಕು

ಮಳೆಗಾಲದ ಕೆಲಸ ಮೊದಲ ಅಳತೆ. ಎರಡನೆಯದು ಕೈಗೆ ಉಳಿಯುವ ದುಡ್ಡು. ಸಂಬಳ, ಭತ್ಯೆ, ಟ್ರಿಪ್ಪಿನ ಪರ್ಸೆಂಟೇಜ್ ಎಲ್ಲ ಸೇರಿಸಿ, ಹೋಟೆಲ್ ಊಟ, ದಾರಿಖರ್ಚು, ಮಾಲೀಕ ನಿಮ್ಮ ತಲೆಗೇ ಕಟ್ಟುವ ಪಂಕ್ಚರ್ ಮತ್ತು ದಂಡದ ಬಿಲ್ಲು ಕಳೆಯಿರಿ. ಉಳಿದದ್ದೇ ಗಳಿಕೆ. ಮೂರನೆಯದು ನಿದ್ದೆ. ರಾತ್ರಿ ಮಲಗುವುದು ಮನೆಯಲ್ಲೋ, ಕ್ಯಾಬಿನ್‌ನಲ್ಲೋ, ಅಥವಾ ಮಲಗುವುದೇ ಇಲ್ಲವೋ? ಕಾನೂನಿನ ಪ್ರಕಾರ ಚಾಲಕನ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. 1961ರಿಂದ ಈ ನಿಯಮ ಇದೆ. ಹೆದ್ದಾರಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಅನ್ನುವುದು ನಿಮಗೂ ಗೊತ್ತು.

ನಾಲ್ಕನೆಯದು ಹುಡುಗರು ಮರೆಯುವಂಥದ್ದು. ಐದು ವರ್ಷ ಈ ಗಾಡಿ ಓಡಿಸಿದ ಮೇಲೆ ನಿಮ್ಮ ಕೈಯಲ್ಲಿ ಏನು ಹೆಚ್ಚಾಗಿರುತ್ತದೆ? ಹೊಸ ರೂಟಿನ ಪರಿಚಯವಾ, ಲೈಸೆನ್ಸಿನಲ್ಲಿ ಹೊಸ ಸೇರ್ಪಡೆಯಾ, ಬುಕಿಂಗ್ ಏಜೆಂಟರ ನಂಬರುಗಳಾ? ಏನೂ ಇಲ್ಲ ಅಂದರೆ ಆ ಕೆಲಸ ಹೊಟ್ಟೆಪಾಡಿಗೆ ಸಾಕು, ಮೇಲೆ ಬರುವುದಕ್ಕೆ ಸಾಲದು. ಕೊನೆಯದು, ಎಡವಟ್ಟಾದರೆ ಕೇಸು ಯಾರ ಮೇಲೆ ಬೀಳುತ್ತದೆ ಅನ್ನುವುದು.

ಲೈಸೆನ್ಸಿನ ಮಾತು, ಬೇಗ ಮುಗಿಸೋಣ

ಲಾರಿಯಂಥ ಸಾರಿಗೆ ವಾಹನ ಓಡಿಸಲು ವಯಸ್ಸು 20 ಆಗಿರಬೇಕು. ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಕೈಗೆ ಬಂದು ಒಂದು ವರ್ಷ ಕಳೆದಿರಬೇಕು. ಎಂಟನೇ ಕ್ಲಾಸು ಪಾಸಾಗಿರಲೇಬೇಕು ಅನ್ನುವ ನಿಯಮ 2019ರಲ್ಲಿ ಹೋಯಿತು. ಹೆವಿ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಜಿಲ್ಲೆಯಲ್ಲಿ ಆರ್‌ಟಿಒ ಕಚೇರಿಗಳು ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿಯಲ್ಲಿವೆ. ಕೆಎ 30, 31, 47, 65 ಅಂದರೆ ಇವೇ.

ಇನ್ನೊಂದು ವಿಷಯ ಇನ್ನೂ ಬಹಳ ಜನಕ್ಕೆ ತಲುಪಿಲ್ಲ. ಗಾಡಿ ಮತ್ತು ಲೋಡು ಸೇರಿ 7,500 ಕೆಜಿ ಮೀರದ ಸಾರಿಗೆ ವಾಹನವನ್ನು ಬರೀ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಟಾಟಾ ಏಸ್, ಬೊಲೆರೊ ಪಿಕಪ್ ಇದರೊಳಗೇ ಬರುತ್ತವೆ. ಹೆವಿ ಲೈಸೆನ್ಸ್ ಆಗುವವರೆಗೆ ಸುಮ್ನೆ ಕೂರುವ ಅಗತ್ಯ ಇಲ್ಲ.

ಟಿಪ್ಪರ್

ದಿನಾ ಮನೆಗೆ ಬರಬಹುದು. ಇದೊಂದೇ ಅದರ ದೊಡ್ಡ ಗುಣ, ಸಣ್ಣ ಗುಣವೇನೂ ಅಲ್ಲ. ಭಟ್ಕಳ, ಹೊನ್ನಾವರ ಕಡೆ ಚಿರೇಕಲ್ಲು, ಉಳಿದ ಕಡೆ ಜಲ್ಲಿ, ಎಂ-ಸ್ಯಾಂಡ್, ಮಣ್ಣು. ಹಿಂದಕ್ಕೆ ತೆಗೆಯುವುದು, ಇಕ್ಕಟ್ಟಿನಲ್ಲಿ ತಿರುಗಿಸುವುದು ಬೇಗ ಕೈಗೆ ಹತ್ತುತ್ತದೆ.

ತೊಂದರೆ ಇರುವುದು ಟ್ರಿಪ್ಪಿನ ಲೆಕ್ಕದಲ್ಲಿ. ಟ್ರಿಪ್ ಜಾಸ್ತಿಯಾದರೆ ದುಡ್ಡು ಜಾಸ್ತಿ ಅಂದಕೂಡಲೇ ಸ್ಪೀಡೂ ಜಾಸ್ತಿ, ಲೋಡೂ ಜಾಸ್ತಿ. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಪರ್ಮಿಟ್ ಚೀಟಿ ಇಲ್ಲದೆ ಮರಳೋ ಕಲ್ಲೋ ಹೇರಿ ಸಿಕ್ಕಿಬಿದ್ದರೆ ಗಾಡಿ ಸೀಜ್ ಆಗುತ್ತದೆ, ಎಫ್‌ಐಆರ್‌ನಲ್ಲಿ ಡ್ರೈವರ್ ಹೆಸರೂ ಬರುತ್ತದೆ. ಕೇಸು ಇರುವ ಹುಡುಗನಿಗೆ ಮುಂದೆ ಬಸ್ಸಿನ ಕೆಲಸವೂ ಕಷ್ಟ, ಗಲ್ಫ್ ಕೆಲಸವೂ ಕಷ್ಟ. ಮಳೆಗಾಲದಲ್ಲಿ ಕೆಲಸ ಕಾಲುಭಾಗಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಗದ್ದೆ ತೋಟ ಇದ್ದು, ಮಳೆಗಾಲದಲ್ಲಿ ಹೇಗೂ ಮನೆಯಲ್ಲಿ ಕೆಲಸ ಇರುವವರಿಗೆ ಇದು ಹೊಂದುತ್ತದೆ. ಉಳಿದವರು ಒಂದೆರಡು ವರ್ಷ ಕೈ ಪಳಗಿಸಿಕೊಂಡು ಹೊರಬೀಳಲಿ.

ಮೀನುಗಾಡಿ

ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿ, ಕುಮಟಾದ ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳ. ಇಲ್ಲೆಲ್ಲ ಸೀಸನ್‌ನಲ್ಲಿ ಸಂಜೆಯಾದರೆ ಮೀನುಗಾಡಿಗಳ ಸಾಲು. ಬಂಗಡೆ, ತಾರ್ಲೆಗೆ ಐಸು ಹಾಕಿ, ಗೋವಾ, ಮಂಗಳೂರು, ಕೇರಳದ ಕಡೆಗೆ ಓಟ. ಬೆಳಗಿನ ಹರಾಜಿಗೆ ಮುಟ್ಟಿಸಿದರೆ ಒಳ್ಳೆಯ ರೇಟು, ತಡವಾದರೆ ಮೀನಿಗೂ ಬೆಲೆ ಇಲ್ಲ, ಡ್ರೈವರಿಗೂ ಬೆಲೆ ಇಲ್ಲ. ದುಡ್ಡು ಚೆನ್ನಾಗಿ ಓಡಾಡುವ ಲೈನ್ ಇದು. ಸೀಸನ್ ಜೋರಿದ್ದಾಗ ಕೈಗೆ ಬರುವ ಭತ್ಯೆ ನೋಡಿದರೆ ಬೇರೆ ಕೆಲಸ ಯಾಕೆ ಬೇಕು ಅನ್ನಿಸುತ್ತದೆ.

ಆದರೆ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. 61 ದಿನ. ನಾಡದೋಣಿಯ ಮೀನು ಊರಿನ ಪೇಟೆಗೇ ಸಾಲುವುದಿಲ್ಲ, ಲಾರಿ ತುಂಬುವ ಮಾತೆಲ್ಲಿ? ಇಲ್ಲೇ ಒಳ್ಳೆಯ ಮಾಲೀಕ ಮತ್ತು ಸಾದಾ ಮಾಲೀಕನ ವ್ಯತ್ಯಾಸ ಗೊತ್ತಾಗುವುದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಅಂದರೆ ನಮ್ಮಲ್ಲಿ ಬೋಟು ನಿಂತಿರುವ ಜೂನ್ ಕೊನೆ, ಜುಲೈ ಹೊತ್ತಿಗೆ ತಮಿಳುನಾಡು, ಆಂಧ್ರದಲ್ಲಿ ಮೀನು ಇಳಿಯುತ್ತಿರುತ್ತದೆ. ಅಲ್ಲಿ ಪರಿಚಯ ಇಟ್ಟುಕೊಂಡ ಮಾಲೀಕನ ಗಾಡಿ ಮಳೆಗಾಲದಲ್ಲೂ ಓಡುತ್ತದೆ. "ಜುಲೈನಲ್ಲಿ ಎಲ್ಲಿಂದ ಲೋಡು?" ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಹತ್ತು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳು ಕಳೆಯಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಗಾಡಿಯನ್ನೂ ನೋಡಿ. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕುತ್ತಾರೆ ಅನ್ನುವ ಗಲಾಟೆ ಎದ್ದ ನಂತರ ಗೋವಾ ಸರ್ಕಾರ ಹೊರಗಿನ ಮೀನಿಗೆ ಇನ್ಸುಲೇಟೆಡ್ ವಾಹನ, ನೋಂದಣಿ ಎಲ್ಲ ಬೇಕು ಅಂತ ಹಟ ಹಿಡಿಯಿತು. ಕಾರವಾರದ ಮೀನು ವ್ಯಾಪಾರಿಗಳಿಗೆ ಆಗ ಬಿದ್ದ ಪೆಟ್ಟು ಇಲ್ಲಿನವರಿಗೆ ನೆನಪಿದೆ. ಬರೀ ತಾಡಪಾಲು (ಟಾರ್ಪಾಲಿನ್) ಕಟ್ಟಿದ ಹಳೇ ಗಾಡಿಯಲ್ಲಿ ಹೋದರೆ ಗಡಿಯಲ್ಲಿ ಮಾತು ಕೇಳುವವರು ನೀವು, ಮಾಲೀಕ ಅಲ್ಲ. ಐಸ್ ಕರಗಿದ ನೀರು ರಸ್ತೆಗೆ ಸೋರದಂತೆ ಟ್ಯಾಂಕ್ ಇದೆಯಾ ಅಂತಲೂ ಬಗ್ಗಿ ನೋಡಿ. ಆ ಜಿಡ್ಡು ನೀರಿನಲ್ಲಿ ಜಾರಿ ಬಿದ್ದ ಬೈಕಿನವರು ಈ ಹೆದ್ದಾರಿಯಲ್ಲಿ ಕಡಿಮೆ ಇಲ್ಲ.

ನಿದ್ದೆಯ ವಿಷಯದಲ್ಲಿ ಮೀನುಗಾಡಿ ಎಲ್ಲಕ್ಕಿಂತ ಕೆಟ್ಟದ್ದು. ರಾತ್ರಿಯಿಡೀ ಓಟ, ಹಗಲಿನ ಸೆಕೆಯಲ್ಲಿ ಕ್ಯಾಬಿನ್‌ನಲ್ಲಿ ಹೊರಳಾಟ. ಮೂವತ್ತರೊಳಗಿನ, ಸಾಲ ತೀರಿಸಬೇಕಾದ, ಒಂದಿಷ್ಟು ಬಂಡವಾಳ ಕೂಡಿಸಬೇಕಾದ ಹುಡುಗನಿಗೆ ಎರಡು ಮೂರು ಸೀಸನ್ ಸರಿ. ಅಲ್ಲೇ ಉಳಿಯುವ ಕೆಲಸ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಲೈನ್ ಲಾರಿ

ಲೈನ್ ಲಾರಿ ಅಂದರೆ ದೂರದೂರಿಗೆ ಸರಕು ಹೊರುವ ಲಾರಿ. ವೃತ್ತಿ ಅಂತ ಕರೆಯಬಹುದಾದ್ದು ಇಲ್ಲಿ ಶುರುವಾಗುತ್ತದೆ. ಶಿರಸಿಯ ಚಾಲಿ ಅಡಿಕೆ ಗುಜರಾತ್, ಉತ್ತರ ಪ್ರದೇಶದ ಕಡೆಗೆ ಹೋಗುತ್ತದೆ. ಬನವಾಸಿಯ ಅನಾನಸ್ ದಿಲ್ಲಿವರೆಗೆ ಹೋಗುತ್ತದೆ. ದಾಂಡೇಲಿಯಿಂದ ಪೇಪರ್ ಹೊರಡುತ್ತದೆ. ಮಂಗಳೂರು–ಗೋವಾ–ಮುಂಬೈ ನಡುವಿನ ಸರಕೆಲ್ಲ ಹೆದ್ದಾರಿ 66ರಲ್ಲಿ ನಮ್ಮ ಮನೆಮುಂದೇ ಹಾದು ಹೋಗುತ್ತದೆ. ಅಂಕೋಲೆಯಲ್ಲಿ ಬಂದು ಮುಗಿಯುವ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಿಂದ ಬರುತ್ತದೆ. ಲಾರಿಯವರಿಗೆ ಇಷ್ಟು ಒಳ್ಳೆಯ ಕೂಡುರಸ್ತೆ ಬೇರೆ ಎಷ್ಟು ಊರಿಗಿದೆ?

ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ನಮ್ಮಲ್ಲಿ ಬೀಳುವಷ್ಟು ಮಳೆ ರಾಜಸ್ಥಾನದಲ್ಲಿ ಇರುವುದಿಲ್ಲ. ಮೊದಲ ಅಳತೆಯಲ್ಲಿ ಇದಕ್ಕೇ ಹೆಚ್ಚು ಅಂಕ.

ಕೈಗೆ ಉಳಿಯುವ ದುಡ್ಡಿನಲ್ಲಿ ಮಾತ್ರ ಲೆಕ್ಕ ಬೇಕು. ಸಂಬಳ ಕೊಡುವ ಪದ್ಧತಿ ಮೂರು ಥರ. ತಿಂಗಳ ಸಂಬಳ ಜೊತೆಗೆ ದಿನದ ಭತ್ಯೆ ಒಂದು. ಕಿಲೋಮೀಟರ್ ಲೆಕ್ಕ ಇನ್ನೊಂದು. ಬಾಡಿಗೆಯಲ್ಲಿ ಪರ್ಸೆಂಟೇಜ್ ಮೂರನೆಯದು. ಹೊಸಬರು ಮೊದಲನೆಯದನ್ನೇ ಹಿಡಿಯಲಿ. ಕಿಲೋಮೀಟರ್ ಲೆಕ್ಕದಲ್ಲಿ ಗಾಡಿ ನಿಂತರೆ ನಿಮ್ಮ ದುಡ್ಡೂ ನಿಂತಿತು. ಲಾರಿ ನಿಲ್ಲುವುದು ಹೆಚ್ಚಾಗಿ ನಿಮ್ಮ ತಪ್ಪಿನಿಂದಲ್ಲ, ರಿಟರ್ನ್ ಲೋಡ್, ಅಂದರೆ ವಾಪಸು ಬರುವಾಗ ಹೇರಲು ಸರಕು, ಸಿಗದೆ. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಕಡಿಮೆ. ಹುಬ್ಬಳ್ಳಿಯಿಂದ ತರಕಾರಿ, ಸಿಮೆಂಟು ಇಳಿಸಿದ ಗಾಡಿ ಎಷ್ಟೋ ಸಲ ಖಾಲಿಯೇ ಘಟ್ಟ ಹತ್ತುತ್ತದೆ, ಇಲ್ಲವೇ ಮಂಗಳೂರಿಗೆ ಹೋಗಿ ಪಾರ್ಕಿಂಗ್‌ನಲ್ಲಿ ದಿನಗಟ್ಟಲೆ ಕಾಯುತ್ತದೆ. ಕಾಯುವ ದಿನಕ್ಕೂ ಭತ್ಯೆ ಇದೆಯಾ? ಇದನ್ನು ಹೊರಡುವ ಮೊದಲೇ ಕೇಳಬೇಕು, ಪಾರ್ಕಿಂಗ್‌ನಲ್ಲಿ ನಿಂತು ಅಲ್ಲ. ಕೊಂಕಣ ರೈಲ್ವೆಯ ರೋ-ರೋ ಬಗ್ಗೆಯೂ ಇದೇ ಮಾತು. 1999ರಲ್ಲಿ ಶುರುವಾದ ಸೇವೆ ಅದು. ಕೋಲಾಡ್‌ನಿಂದ ಸುರತ್ಕಲ್‌ವರೆಗೆ ಲಾರಿಯನ್ನೇ ರೈಲಿಗೆ ಏರಿಸುತ್ತಾರೆ. ಡ್ರೈವರಿಗೆ ನಿದ್ದೆ, ಟಯರಿಗೆ ವಿಶ್ರಾಂತಿ. ಕಿಲೋಮೀಟರ್ ಲೆಕ್ಕದ ಮಾಲೀಕ ಆ ದೂರವನ್ನು ಎಣಿಸುತ್ತಾನಾ ಬಿಡುತ್ತಾನಾ ಅನ್ನುವುದು ಬೇರೆ ಪ್ರಶ್ನೆ.

ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯವರಿಗೆ ಬೇಕಾದ ಆನ್‌ಲೈನ್ ಚೀಟಿ, ಗೊತ್ತಿರಲಿ. ಅದರ ವಾಯಿದೆ 200 ಕಿಲೋಮೀಟರಿಗೆ ಒಂದು ದಿನದಂತೆ. ಗಾಡಿ ಕೆಟ್ಟು ದಾರಿಯಲ್ಲಿ ನಿಂತು ವಾಯಿದೆ ಮುಗಿದರೆ ಮಾಲೀಕನಿಗೆ ತಕ್ಷಣ ಫೋನ್ ಮಾಡಿ ಮುಂದುವರಿಸಿಕೊಳ್ಳುವ ಡ್ರೈವರಿಗೆ ಬೆಲೆ ಇದೆ. ಏಪ್ರಿಲ್ 2020ರಿಂದ ಬಂದ ಬಿಎಸ್ 6 (ಹೊಗೆ ಕಡಿಮೆ ಮಾಡುವ ಹೊಸ ಮಾನದಂಡದ) ಗಾಡಿಗಳಲ್ಲಿ ಡಿಇಎಫ್ ಅನ್ನುವ, ಹೊಗೆ ಶುದ್ಧ ಮಾಡುವ ದ್ರವ ಹಾಕಬೇಕು, ಡ್ಯಾಶ್‌ಬೋರ್ಡಿನ ದೀಪ ಓದಬೇಕು. ಹಳೇ ಡ್ರೈವರುಗಳು ಅದನ್ನು ಕಂಡರೆ ಬೈಯುತ್ತಾರೆ. ನೀವು ಕಲಿತುಬಿಡಿ, ಹೊಸ ಗಾಡಿ ನಿಮ್ಮ ಕೈಗೇ ಬರುತ್ತದೆ. 2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಮತ್ತು ಭಾರೀ ಲಾರಿಗಳಲ್ಲಿ ಎಸಿ ಕ್ಯಾಬಿನ್ ಕಡ್ಡಾಯ. ನಿದ್ದೆಯ ಅಳತೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಘಟ್ಟದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಅರಬೈಲ್, ದೇವಿಮನೆ, ಗೇರುಸೊಪ್ಪೆ. ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಇಳಿಯುವಾಗಲೂ ಅದೇ ಗೇರು ಅನ್ನುವುದು ಹಳಬರ ಲೆಕ್ಕ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಬಂದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಕೆಳಗಿನ ಗೇರು, ಎಕ್ಸಾಸ್ಟ್ ಬ್ರೇಕು (ಎಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡುವುದು), ಮಧ್ಯೆ ಒಂದು ಕಡೆ ನಿಲ್ಲಿಸಿ ತಣಿಸುವುದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವನ ಪಕ್ಕದಲ್ಲಿ ಕೂರಲೂಬೇಡಿ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಮತ್ತು ವ್ಯಾಪಾರಿಗಳನ್ನು ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರದ ಗುಳ್ಳಾಪುರದ ಹತ್ತಿರ ಪಲ್ಟಿಯಾಗಿ ಹತ್ತು ಜನ ಸತ್ತರು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿಕೊಳ್ಳಿ ಅಂತ ಯಾರೇ ಹೇಳಲಿ, ಇಳಿಸಿ. ಪರಿಚಯದವರಾದರೂ ಇಳಿಸಿ.

ನಿಲ್ಲಿಸುವ ಜಾಗವೂ ಕೆಲಸದ ಭಾಗವೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಚಹಾ ಅಂಗಡಿ ಹತ್ತಿರ ಲಾರಿ ನಿಲ್ಲಿಸಿಕೊಂಡಿದ್ದವರೂ ಮಣ್ಣಿನಡಿಗೆ ಹೋದರು. ಕೇರಳದ ಒಬ್ಬ ಚಾಲಕನ ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದಲ್ಲಿ ಮಲಗಬೇಡಿ. ಹತ್ತು ಕಿಲೋಮೀಟರ್ ಮುಂದೆ ಪೆಟ್ರೋಲ್ ಬಂಕ್ ಇದ್ದರೆ ಅಲ್ಲಿಗೆ ಹೋಗಿ ಮಲಗಿ.

ಮನೆಯ ವಿಷಯ ಮುಚ್ಚಿಡುವುದಿಲ್ಲ. ಲೈನ್ ಲಾರಿಯವನಿಗೆ ಚೌತಿ, ದೀಪಾವಳಿ ಸಿಕ್ಕರೆ ಪುಣ್ಯ. ಮದುವೆಯಾದ ಹೊಸದರಲ್ಲಿ, ಮಕ್ಕಳು ಸಣ್ಣವರಿದ್ದಾಗ ಇದು ಕಷ್ಟ ಆಗುತ್ತದೆ. ಹಾಗಾಗಿ ಇಪ್ಪತ್ತರಿಂದ ಮೂವತ್ತರ ನಡುವೆ ಓಡಿಸಿ ರೂಟು, ಭಾಷೆ, ಏಜೆಂಟರ ಪರಿಚಯ ಮಾಡಿಕೊಂಡು ಆಮೇಲೆ ಹತ್ತಿರದ ಕೆಲಸಕ್ಕೆ ಬರುವುದು ಜಾಣತನ. ಹಿಂದಿ ಬಾರದಿದ್ದರೂ ಆರು ತಿಂಗಳಲ್ಲಿ ಬರುತ್ತದೆ, ಢಾಬಾದವರೇ ಕಲಿಸುತ್ತಾರೆ.

ಟ್ಯಾಂಕರ್

ನನ್ನ ಲೆಕ್ಕದಲ್ಲಿ ಜಿಲ್ಲೆಯ ಹುಡುಗರು ಕಣ್ಣೆತ್ತಿ ನೋಡದ ಒಳ್ಳೆಯ ದಾರಿ ಇದು. ಕಾರವಾರ ಬಂದರಿಗೆ ಡಾಂಬರು, ತೈಲ ಬರುತ್ತದೆ. ಬಿಣಗಾದ ಕಾರ್ಖಾನೆಯಿಂದ ಕಾಸ್ಟಿಕ್ ಸೋಡ, ಕ್ಲೋರಿನ್ ಹೋಗುತ್ತದೆ. ಮಂಗಳೂರಿನಿಂದ ಗ್ಯಾಸ್ ಬುಲೆಟ್ ಟ್ಯಾಂಕರುಗಳು ನಮ್ಮ ರಸ್ತೆಯಲ್ಲೇ ಓಡುತ್ತವೆ. ಡಾಂಬರಿನ ಕೆಲಸ ಮಳೆಗಾಲದಲ್ಲಿ ಇಳಿಯುತ್ತದೆ, ರಸ್ತೆ ಕೆಲಸವೇ ನಿಲ್ಲುತ್ತದಲ್ಲ. ಪೆಟ್ರೋಲ್, ಗ್ಯಾಸ್ ಹಾಗಲ್ಲ, ವರ್ಷವಿಡೀ ಬೇಕು.

ಅಪಾಯಕಾರಿ ಸರಕು ಸಾಗಿಸಲು 3 ದಿನದ ತರಬೇತಿ ಮತ್ತು ಲೈಸೆನ್ಸಿನಲ್ಲಿ ಅದರ ನಮೂದು ಬೇಕು. ಆ ಲೈಸೆನ್ಸ್ 3 ವರ್ಷಕ್ಕೆ ಮಾತ್ರ, ನವೀಕರಣಕ್ಕೆ ಒಂದು ದಿನದ ಮರುತರಬೇತಿ. ಇಷ್ಟು ಸಣ್ಣ ಶ್ರಮಕ್ಕೆ ಬಹಳ ಹುಡುಗರು ಹೋಗುವುದಿಲ್ಲ, ಅದಕ್ಕೇ ಆ ನಮೂದು ಇರುವವರಿಗೆ ಬೇಡಿಕೆ. ತೈಲ ಕಂಪನಿಯ ಕಾಂಟ್ರಾಕ್ಟಿನ ಗಾಡಿಗಳಲ್ಲಿ ಜಿಪಿಎಸ್, ವೇಗದ ಮಿತಿ ಎಲ್ಲ ಇರುತ್ತದೆ. ಕೆಲವರಿಗೆ ಇದು ಕಿರಿಕಿರಿ. ನಾನಾದರೆ ಇದನ್ನೇ ಲಾಭ ಅನ್ನುತ್ತೇನೆ, ಯಾಕೆಂದರೆ "ಬೇಗ ಬಾ" ಅಂತ ಮಾಲೀಕ ಒತ್ತಡ ಹಾಕುವಂತಿಲ್ಲ.

ಅಪಾಯ ನಿಜ. 2015ರ ಸೆಪ್ಟೆಂಬರ್‌ನಲ್ಲಿ ಕುಮಟಾದ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದ್ದನ್ನು ಆ ಊರು ಮರೆತಿಲ್ಲ. ದ್ರವ ತುಂಬಿದ ಟ್ಯಾಂಕರ್ ತಿರುವಿನಲ್ಲಿ ಬೇರೆ ಥರ ವಾಲುತ್ತದೆ, ಅರ್ಧ ತುಂಬಿದ್ದರೆ ಇನ್ನೂ ಜಾಸ್ತಿ. ಎರಡು ಮೂರು ವರ್ಷ ಲೈನ್ ಲಾರಿ ಓಡಿಸದೆ ಇದಕ್ಕೆ ಕೈ ಹಾಕಬಾರದು. ಕುಡಿತ, ಗುಟ್ಕಾ, ಓಡಿಸುತ್ತಾ ಫೋನು, ಈ ಮೂರರಲ್ಲಿ ಒಂದು ಬಿಡಲಾಗದವರಿಗೂ ಇದು ಬೇಡ.

ಸಾರಿಗೆ ಬಸ್ಸು

ಅಮ್ಮನ ಮಾತಿಗೆ ಬರೋಣ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಶಿರಸಿ ವಿಭಾಗ ನಮ್ಮದು. ಕಾಯಂ ಚಾಲಕನಾದರೆ ಸಂಬಳ, ಪಿಎಫ್, ರಜೆ, ಮಳೆಗಾಲದಲ್ಲೂ ಡ್ಯೂಟಿ. ಎಲ್ಲ ಅಳತೆಯಲ್ಲೂ ಪಾಸು. ಆದರೆ ನೇಮಕಾತಿ ಯಾವಾಗ ಬರುತ್ತದೆ ಅಂತ ಹೇಳಲಾಗದು. ಎತ್ತರ, ವಯಸ್ಸು, ಓದು, ಹೆವಿ ಲೈಸೆನ್ಸಿನ ಅನುಭವ, ಬ್ಯಾಡ್ಜ್ (ಪ್ರಯಾಣಿಕರ ಗಾಡಿ ಓಡಿಸಲು ಆರ್‌ಟಿಒ ಕೊಡುವ ಅನುಮತಿ), ಚಾಲನಾ ಪರೀಕ್ಷೆ, ಎಲ್ಲ ದಾಟಬೇಕು. ಏಜೆನ್ಸಿ ಮೂಲಕ ಗುತ್ತಿಗೆ ಚಾಲಕರನ್ನು ತೆಗೆದುಕೊಳ್ಳುವುದೂ ಇದೆ, ಅದು ಕಾಯಂ ಅಲ್ಲ. ಎರಡನ್ನೂ ಒಂದೇ ಅಂದುಕೊಂಡು ಕೆಲಸ ಬಿಡಬೇಡಿ. ಲಾರಿ ಓಡಿಸುತ್ತಾ ಬ್ಯಾಡ್ಜ್ ಮಾಡಿಸಿಟ್ಟುಕೊಂಡು, ಕರೆದಾಗ ಅರ್ಜಿ ಹಾಕಿ. ಬರೀ ಇದಕ್ಕೇ ಕಾದು ಕೂತರೆ ವಯಸ್ಸಿನ ಮಿತಿ ದಾಟಿಹೋಗುತ್ತದೆ.

ಗಲ್ಫ್

ಭಟ್ಕಳ, ಹೊನ್ನಾವರದವರಿಗೆ ಹೊಸತಲ್ಲ. ನಮ್ಮ ಹೆವಿ ಲೈಸೆನ್ಸ್ ಅಲ್ಲಿ ಹಾಗೇ ನಡೆಯುತ್ತದೆ ಅಂದುಕೊಳ್ಳಬೇಡಿ. ಅಲ್ಲಿನ ಲೈಸೆನ್ಸ್ ಪಡೆಯುವ ಖರ್ಚು ಯಾರದ್ದು ಅಂತ ಮೊದಲೇ ಬರಹದಲ್ಲಿ ಇರಲಿ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಎಮಿಗ್ರೇಷನ್ ಅನುಮತಿ ಬೇಕು. ನೋಂದಾಯಿತ ಏಜೆಂಟ್ ಸೇವಾಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಲಕ್ಷಗಟ್ಟಲೆ ಕೇಳುವವನನ್ನು ಅಲ್ಲೇ ಬಿಟ್ಟು ಬನ್ನಿ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ಹೆಸರು ಇದೆಯಾ ಅಂತ ಐದು ನಿಮಿಷದಲ್ಲಿ ನೋಡಬಹುದು.

ಸ್ವಂತ ಗಾಡಿ

ಎಲ್ಲರ ಆಸೆ ಇದೇ. ಲೆಕ್ಕ ಮೊದಲು ನೋಡೋಣ. 8 ಲಕ್ಷ ಸಾಲ, ಶೇ 12 ಬಡ್ಡಿ, 5 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,800. ಮಳೆಗಾಲದ ನಾಲ್ಕು ತಿಂಗಳಿಗೇ 71,000 ದಾಟಿತು. ಬ್ಯಾಂಕಿಗೆ ಮಳೆ ಗೊತ್ತಿಲ್ಲ. ಥರ್ಡ್ ಪಾರ್ಟಿ ವಿಮೆ 2022ರ ದರದಂತೆ 7,500 ಕೆಜಿವರೆಗಿನ ಸರಕು ಗಾಡಿಗೆ ವರ್ಷಕ್ಕೆ 16,049 ರೂಪಾಯಿ, 12ರಿಂದ 20 ಟನ್ನಿನ ಲಾರಿಗೆ 35,313. ತೆರಿಗೆ ಬೇರೆ. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ, ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನ್ಯಾಷನಲ್ ಪರ್ಮಿಟ್ ಮಾಡಿಸಿದರೆ ಸಂಯುಕ್ತ ಶುಲ್ಕ ವರ್ಷಕ್ಕೆ 16,500. ಟಯರು, ಸರ್ವಿಸು, ಫಾಸ್ಟ್ಯಾಗು ನೀವೇ ಸೇರಿಸಿ.

ಹಾಗಂತ ಬೇಡ ಅನ್ನುತ್ತಿಲ್ಲ. ಪಿಕಪ್ ಮತ್ತು ದೊಡ್ಡ ಲಾರಿಯನ್ನು ಬೇರೆ ಬೇರೆ ನೋಡಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಪಿಕಪ್‌ಗೆ ಕೆಲಸ ಚದುರಿಕೊಂಡಿದೆ. ತೋಟದಿಂದ ಸೊಸೈಟಿಗೆ ಅಡಿಕೆ, ಗೊಬ್ಬರ, ಬಾಳೆಕಾಯಿ, ಮದುವೆಮನೆ ಪಾತ್ರೆ, ಶಾಮಿಯಾನ. ಒಂದು ನಿಂತರೆ ಇನ್ನೊಂದು ಇರುತ್ತದೆ. ಮಳೆಗಾಲದಲ್ಲಿ ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಸಾಲದ ಅರ್ಧದಷ್ಟಾದರೂ ಕೈದುಡ್ಡು ಇದ್ದು, ಐವತ್ತು ಮನೆಯವರಿಗೆ ನಿಮ್ಮ ಫೋನ್ ನಂಬರ್ ಗೊತ್ತಿದ್ದರೆ ಧೈರ್ಯ ಮಾಡಬಹುದು.

ದೊಡ್ಡ ಲಾರಿಯ ಕತೆ ಬೇರೆ. ಒಂದೇ ಸರಕನ್ನು ನಂಬಿ ಲಾರಿ ಕೊಂಡರೆ ಏನಾಗುತ್ತದೆ ಅಂತ ಅಂಕೋಲೆಯವರನ್ನು ಕೇಳಿ. ಬಳ್ಳಾರಿಯ ಅದಿರು ಅರಬೈಲ್ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ಹೊಲ ಒತ್ತೆಯಿಟ್ಟು ಲಾರಿ ಕೊಂಡವರಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಲಾರಿ ಅಂಗಳದಲ್ಲಿ ನಿಂತಿತು, ಕಂತು ನಿಲ್ಲಲಿಲ್ಲ. ಇವತ್ತು ಅದಿರಿನ ಜಾಗದಲ್ಲಿ ಯಾವುದೋ ಒಂದು ಪ್ರಾಜೆಕ್ಟ್ ಇರುತ್ತದೆ. ಪ್ರಾಜೆಕ್ಟ್ ಮುಗಿಯುವ ದಿನ ಮತ್ತು ಸಾಲ ಮುಗಿಯುವ ದಿನ, ಯಾವುದು ಮೊದಲು? ಬರೆದು ನೋಡಿ. ಮೂರು ಬೇರೆ ಬೇರೆ ಸರಕಿನ ಏಜೆಂಟರು ನಿಮ್ಮನ್ನು ಹೆಸರು ಹಿಡಿದು ಕರೆಯುವವರೆಗೆ ದೊಡ್ಡ ಲಾರಿ ಬೇಡ. ಆ ಪರಿಚಯ ಆಗುವುದು ಬೇರೆಯವರ ಲಾರಿ ಓಡಿಸುವಾಗಲೇ. ಮಾಲೀಕನೇ ಓಡಿಸುವುದಾದರೆ 15 ಲಕ್ಷದ ಅಪಘಾತ ವಿಮೆ ಪಾಲಿಸಿಯಲ್ಲಿ ಸೇರಿದೆಯಾ ನೋಡಿಕೊಳ್ಳಿ.

ನಿಮ್ಮದು ಯಾವ ಸ್ಥಿತಿ?

ಇಪ್ಪತ್ತೊಂದು ವರ್ಷ, ಮದುವೆ ಇಲ್ಲ, ಸಾಲ ಇಲ್ಲ ಅಂದರೆ ನಾನು ಲೈನ್ ಲಾರಿ ಅನ್ನುತ್ತೇನೆ, ಮೂರನೇ ವರ್ಷಕ್ಕೆ ಟ್ಯಾಂಕರಿನ ತರಬೇತಿ. ತುರ್ತಾಗಿ ದುಡ್ಡು ಬೇಕು, ತಂಗಿಯ ಮದುವೆ ಇದೆ ಅಂದರೆ ಮೀನುಗಾಡಿಯ ಒಂದೆರಡು ಸೀಸನ್, ಆಗಸ್ಟ್‌ನಲ್ಲಿ ಸೇರಿ ಮೇ ಕೊನೆಗೆ ಲೆಕ್ಕ ಚುಕ್ತಾ. ವಯಸ್ಸಾದ ಅಪ್ಪ ಅಮ್ಮ, ಒಂದೆಕರೆ ತೋಟ ಇದ್ದವರಿಗೆ ಟಿಪ್ಪರ್ ಅಥವಾ ಪಿಕಪ್. ಹತ್ತನೇ ಕ್ಲಾಸ್ ಪಾಸಾಗಿ ಬಸ್ಸಿನ ಆಸೆ ಇದ್ದವರು ಲಾರಿ ಓಡಿಸುತ್ತಲೇ ಕಾಯಲಿ, ಲೈಸೆನ್ಸಿನಲ್ಲಿ ಕೇಸು ಬೀಳದಂತೆ ಕಾಯಲಿ.

ಯಾವ ಗಾಡಿ ಆದರೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ಅಪಘಾತದಲ್ಲಿ ಜೀವ ಹೋದರೆ ಮನೆಗೆ 2 ಲಕ್ಷ ಬರುತ್ತದೆ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ರಾಜ್ಯ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೂ ಇದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಗಾಡಿ ಹತ್ತುವ ದಿನ. ವಿಮೆ, ಎಫ್‌ಸಿ, ಪರ್ಮಿಟ್, ಎಮಿಷನ್, ನಾಲ್ಕರ ಕೊನೇ ತಾರೀಖನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಟಯರು, ಬ್ರೇಕು, ವೈಪರ್ ನೋಡಿ. ಸಂಬಳ, ಭತ್ಯೆ, ಕಾಯುವ ದಿನದ ದುಡ್ಡು, ದಂಡ ಯಾರದ್ದು, ಮಳೆಗಾಲದಲ್ಲಿ ಎಷ್ಟು ಕೊಡುತ್ತಾರೆ, ಇದೆಲ್ಲವನ್ನೂ ಮಾಲೀಕನಿಗೆ ವಾಟ್ಸಾಪ್‌ನಲ್ಲಿ ಬರೆದು "ಸರಿನಾ?" ಅಂತ ಕಳಿಸಿ. ಅವನು "ಹೂಂ" ಅಂತ ಒತ್ತಿದರೆ ಸಾಕು. ಬೇಜಾರು ಮಾಡಿಕೊಂಡರೆ ಪಕ್ಕದ ಮಾಲೀಕನನ್ನು ಕೇಳಿ. ಒಳ್ಳೆಯ ಡ್ರೈವರ್ ಸಿಗದೆ ನಿಂತ ಲಾರಿಗಳು ಹುಬ್ಬಳ್ಳಿಯಲ್ಲೂ ಇವೆ, ಮಂಗಳೂರಲ್ಲೂ ಇವೆ.